ಒಂದು ‘ಇಲ್ಲವಾದರೆ’ಯ ಜನ್ಮವೃತ್ತಾಂತ

ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು 704 ಎಂಬ ಗಣಕಯಂತ್ರಕ್ಕಾಗಿ 1957ರಲ್ಲಿ ಹೊರತಂದ ಫೋರ್‌ಟ್ರಾನ್ ಭಾಷೆಯಲ್ಲಿ ಷರತ್ತನ್ನು ಹೇಳುವ ಕ್ರಮವೇ ವಿಲಕ್ಷಣವಾದುದು. ‘ಇಫ್’ ಎಂದು ಬರೆದು, ಆವರಣದೊಳಗೆ ಒಂದು ಲೆಕ್ಕವನ್ನಿಟ್ಟು, ಮುಂದೆ 10, 20, 30 ಎಂದು ಮೂರು ಅಂಕೆಗಳನ್ನು ಸಾಲಾಗಿ ನಿಲ್ಲಿಸಿದರೆ, ಲೆಕ್ಕದ ಫಲ ಋಣವಾದಲ್ಲಿ ಮೊದಲನೆಯ ಅಂಕೆಯ ಸಾಲಿಗೂ, ಶೂನ್ಯವಾದಲ್ಲಿ ಎರಡನೆಯದಕ್ಕೂ, ಧನವಾದಲ್ಲಿ ಮೂರನೆಯದಕ್ಕೂ ಯಂತ್ರವು ಜಿಗಿಯುವುದು. ಯಂತ್ರಕ್ಕೇನೋ ಇದು ಸಲೀಸು. ಓದುವವನ ಪಾಡು ಮಾತ್ರ, ಊರಿನ ಹೆಸರು ಹೇಳದೆ ಬರಿಯ ಮೈಲಿಗಲ್ಲಿನ ಸಂಖ್ಯೆ ಕೊಟ್ಟವನನ್ನು ನಂಬಿ ಹೊರಟ ಪಥಿಕನ ಪಾಡು.

ಈ ತೊಡಕಿನಿಂದ ಬೇಸತ್ತವರಲ್ಲಿ ಎಂ.ಐ.ಟಿ.ಯ ಜಾನ್ ಮೆಕಾರ್ಥಿ ಒಬ್ಬರು. 1957–58ರಲ್ಲಿ ಚದುರಂಗದ ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದ ಅವರು, ಒಂದು ಪರೀಕ್ಷೆ ಹಾಗೂ ಎರಡು ಉತ್ತರಗಳನ್ನು ಕೊಟ್ಟರೆ ತಕ್ಕುದೊಂದನ್ನು ಆರಿಸಿಕೊಡುವ ‘ಎಕ್ಸ್‌ಇಫ್’ ಎಂಬ ಉಪಾಯವನ್ನು ತಮಗಾಗಿಯೇ ಮಾಡಿಕೊಂಡರು. ಪ್ರೋಗ್ರಾಂಗಳು ಚಿಕ್ಕವಾದುವು, ಅರ್ಥವೂ ತಿಳಿಯಾಯಿತು. ಆದರೆ ಒಂದು ಕೊರತೆ ಉಳಿಯಿತು: ಆರಿಸುವುದಕ್ಕೆ ಮುನ್ನವೇ ಎರಡು ಉತ್ತರಗಳನ್ನೂ ಲೆಕ್ಕ ಹಾಕಿ ಮುಗಿಸಬೇಕಾಗಿದ್ದಿತು. ಭಾಜಕ ಶೂನ್ಯವಾದರೆ ಭಾಗಿಸಬೇಡ ಎಂದು ಷರತ್ತು ಹಾಕಿದವನಿಗೆ, ಷರತ್ತನ್ನು ನೋಡುವ ಮೊದಲೇ ಭಾಗಾಕಾರ ನಡೆದುಹೋದರೆ ಆ ಷರತ್ತಿನಿಂದೇನು ಫಲ? ಬೇಕಾದುದನ್ನು ಮಾತ್ರ ಲೆಕ್ಕ ಹಾಕಿ, ಬೇಡದುದನ್ನು ಮುಟ್ಟದೆ ಬಿಡುವ ಷರತ್ತಿನ ಅಭಿವ್ಯಕ್ತಿಯು ಹುಟ್ಟಿದ್ದು ಈ ಕೊರತೆಯಿಂದಲೇ. ಅದನ್ನು ಅವರು ತಮ್ಮ ಲಿಸ್ಪ್ ಭಾಷೆಗೆ ಅಡಿಗಲ್ಲಾಗಿರಿಸಿಕೊಂಡರಲ್ಲದೆ ಆಲ್ಗಾಲ್ ಎಂಬ ಭಾಷೆಯನ್ನು ರೂಪಿಸುತ್ತಿದ್ದ ಸಮಿತಿಯ ಮುಂದೆಯೂ ಇಟ್ಟರು. ಆಲ್ಗಾಲ್ 60ರಲ್ಲಿ ‘ಇಫ್–ದೆನ್–ಎಲ್ಸ್’ ಎಂಬ ರೂಪದಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಫೋರ್‌ಟ್ರಾನ್‌ನ ಮಾನಕವು ‘ಇಲ್ಲವಾದರೆ’ ಎಂಬರ್ಥದ ಈ ‘ಎಲ್ಸ್’ ಪದವನ್ನು ಒಪ್ಪಿಕೊಂಡುದಾದರೋ 1977ರ ಆವೃತ್ತಿಯಲ್ಲಿ.

ಇಷ್ಟು ಶ್ರಮದಿಂದ ಒದಗಿದ ಸೌಕರ್ಯವನ್ನು ನಾವು ಬಳಸುವ ಬಗೆಯೋ! ‘ವಯಸ್ಸು ಹದಿನೆಂಟು ಮೀರಿದ್ದರೆ ನಿಜವೆನ್ನು, ಇಲ್ಲವಾದರೆ ಸುಳ್ಳೆನ್ನು’ ಎಂದು ನಾಲ್ಕು ಸಾಲು ಬರೆಯುವವರು ಇಂದಿಗೂ ಉಂಟು. ಹೋಲಿಕೆಯ ಫಲವೇ ನಿಜ ಅಥವಾ ಸುಳ್ಳು ಆಗಿರುವಾಗ ಅದನ್ನೇ ಹಿಂದಿರುಗಿಸಿದರೆ ಸಾಕಲ್ಲವೆ? ಇತ್ತ, ಸಂಕ್ಷೇಪದ ವ್ಯಾಮೋಹಕ್ಕೆ ಸಿಲುಕಿ, ಸಿ ಭಾಷೆಯ ಪ್ರಶ್ನಾರ್ಥಕ ಚಿಹ್ನೆಯ ಷರತ್ತುಗಳನ್ನು ಒಂದರ ಹೊಟ್ಟೆಯಲ್ಲೊಂದು ತುರುಕಿ ಒಂದೇ ಸಾಲಿನಲ್ಲಿ ಐದು ನಿರ್ಣಯಗಳನ್ನು ಅಡಗಿಸುವ ಜಾಣರೂ ಇದ್ದಾರೆ. ಅವರಿಗಿಂತ ನಾಲ್ಕು ಸಾಲಿನವರೇ ಮೇಲೆಂದು ನನಗೆ ತೋರುತ್ತದೆ. ಇನ್ನು, ಷರತ್ತಿನೊಳಗೆ ಷರತ್ತನ್ನು ಹೂಡದೆ, ಸಲ್ಲದ ಸಂದರ್ಭಗಳನ್ನು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳುಹಿಸಿ, ಮುಖ್ಯ ಕಾರ್ಯವನ್ನು ಎಡದ ಅಂಚಿಗೆ ತಂದು ನಿಲ್ಲಿಸುವವರ ಬರವಣಿಗೆಯಲ್ಲಿ ಕಣ್ಣು ಬಲಕ್ಕೆ ಬಲಕ್ಕೆ ಜಾರದೆ ನೇರವಾಗಿ ಇಳಿಯುತ್ತದೆ.

ಮೂರು ಅಂಕೆಗಳ ಆ ಹಳೆಯ ‘ಇಫ್’ ಮಾತ್ರ ಬಹಳ ಕಾಲ ಬದುಕಿತು. ಫೋರ್‌ಟ್ರಾನ್ ಮಾನಕದಿಂದ ಅದನ್ನು ಕಿತ್ತುಹಾಕಿದುದು 2018ರ ಆವೃತ್ತಿಯಲ್ಲಿ.