ಸಭೆಯ ಲೆಕ್ಕವೋ, ಮಗುವಿನ ಓದೋ?

ಶಾಲೆಗಳಿಗೆ ನೆರವು ನೀಡುವವರು ಇಂದು ಅನೇಕರಿದ್ದಾರೆ. ಸರಕಾರವಿದೆ, ವಿಶ್ವ ಬ್ಯಾಂಕಿನಂತಹ ಸಂಸ್ಥೆಗಳಿವೆ, ಊರನ್ನು ಮರೆಯದ ನಮ್ಮಂತಹ ಪರಸ್ಥಳದವರೂ ಇದ್ದೇವೆ. ಊರವರದೇ ಒಂದು ಸಮಿತಿಯನ್ನು ರಚಿಸಿದರೆ ಶಾಲೆಯ ಆಡಳಿತ ಸರಿಹೋಗುವುದು, ಆಡಳಿತ ಸರಿಹೋದರೆ ಮಕ್ಕಳ ವಿದ್ಯೆ ತಾನಾಗಿ ವೃದ್ಧಿಸುವುದು ಎಂಬುದು ಬಹುಜನರ ನಂಬಿಕೆ. ಈ ನಂಬಿಕೆಯನ್ನು ಒರೆಗೆ ಹಚ್ಚಿದ ಪ್ರಯತ್ನವೊಂದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005-06ರಲ್ಲಿ ಈ ಪರೀಕ್ಷೆ ನಡೆಯಿತು. ನಮ್ಮ ಮುಂಬಯಿಯಲ್ಲೇ ಹುಟ್ಟಿದ ‘ಪ್ರಥಮ್’ ಸಂಸ್ಥೆಯವರೂ, ಮುಂದೆ 2019ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರೂ ಕೂಡಿ 280 ಹಳ್ಳಿಗಳನ್ನು ಆರಿಸಿಕೊಂಡರು. ಅಲ್ಲಿ ಗ್ರಾಮಪ್ರಧಾನರು, ಮುಖ್ಯೋಪಾಧ್ಯಾಯರು ಹಾಗೂ ಪಾಲಕರನ್ನೊಳಗೊಂಡ ಶಿಕ್ಷಣ ಸಮಿತಿಗಳಿದ್ದವು. ಕಾಗದದ ಮೇಲೆ ಅಧಿಕಾರವೂ ಇತ್ತು. ಆದರೇನು? ಊರವರಲ್ಲಿ ಬಹುಪಾಲು ಜನರಿಗೆ ಅಂತಹ ಸಮಿತಿ ಇರುವುದೇ ತಿಳಿದಿರಲಿಲ್ಲ. ಅಷ್ಟೇಕೆ, ಸದಸ್ಯರಲ್ಲೇ ಹಲವರಿಗೆ ತಾವು ಸದಸ್ಯರೆಂಬುದು ಗೊತ್ತಿರಲಿಲ್ಲ!

ಚೀಟಿ ಎತ್ತಿದಂತೆ ಹಳ್ಳಿಗಳನ್ನು ನಾಲ್ಕು ಪಾಲು ಮಾಡಲಾಯಿತು. ಮೊದಲ 65 ಹಳ್ಳಿಗಳಲ್ಲಿ ಸಭೆ ಕರೆದು ಸಮಿತಿಯ ಹಕ್ಕು-ಹೊಣೆಗಳನ್ನು ತಿಳಿಸಿದರು. ಎರಡನೆಯ 65ರಲ್ಲಿ, ಅದರೊಂದಿಗೆ, ಮಕ್ಕಳ ಓದನ್ನು ಊರವರೇ ಪರೀಕ್ಷಿಸಿ ಅಂಕಪಟ್ಟಿ ಮಾಡುವುದನ್ನು ಕಲಿಸಿದರು. ಮೂರನೆಯ 65ರಲ್ಲಿ, ಇವೆರಡರ ಜತೆಗೆ, ಓದು ಕಲಿಸುವ ಸುಲಭ ವಿಧಾನವನ್ನು ಊರಿನ ಸ್ವಯಂಸೇವಕರಿಗೆ ಹೇಳಿಕೊಟ್ಟರು. ಉಳಿದ 85 ಹಳ್ಳಿಗಳನ್ನು ಹೋಲಿಕೆಗಾಗಿ ಇದ್ದಂತೆಯೇ ಬಿಟ್ಟರು. ಇದು ಬಲು ಮುಖ್ಯ. ಒಂದು ವರ್ಷ ಕಳೆದರೆ ಮಗು ತಾನಾಗಿಯೂ ನಾಲ್ಕಕ್ಷರ ಹೆಚ್ಚು ಕಲಿಯುತ್ತದೆ. ಹೋಲಿಕೆ ಇಲ್ಲದಿದ್ದರೆ ಆ ಕೀರ್ತಿಯೆಲ್ಲ ದಾನಿಯ ಪಾಲಾಗುತ್ತದೆ.

ಫಲವೇನಾಯಿತು? ಸಭೆಗಳಿಗೆ ಜನ ಬಂದರು, ಚರ್ಚೆಯೂ ನಡೆಯಿತು. ಆದರೆ ಸಮಿತಿಗಳು ಚುರುಕಾಗಲಿಲ್ಲ. ಸರಕಾರಿ ಶಾಲೆಯ ರೀತಿನೀತಿ ಬದಲಾಗಲಿಲ್ಲ. ಮೊದಲೆರಡು ಪಾಲಿನ ಹಳ್ಳಿಗಳಲ್ಲಿ ಮಕ್ಕಳ ಕಲಿಕೆ ಇದ್ದಲ್ಲೇ ಇತ್ತು. ಮೂರನೆಯ ಪಾಲಿನಲ್ಲಿ ಮಾತ್ರ ಸ್ವಯಂಸೇವಕರು ಮುಂದೆ ಬಂದು ಶಾಲೆಯ ವೇಳೆಯ ಹೊರಗೆ ಓದಿನ ತರಗತಿ ನಡೆಸಿದರು. ಅಲ್ಲಿಗೆ ಹೋದ ಮಕ್ಕಳ ಓದು ಸ್ಪಷ್ಟವಾಗಿ ಸುಧಾರಿಸಿತು. ಸಮಿತಿಯೇ ಬೇಡವೆಂದು ಇದರ ಅರ್ಥವಲ್ಲ. ಸಮಿತಿ ಇದೆಯೆಂದಮಾತ್ರಕ್ಕೆ ವಿದ್ಯೆ ಬಂತೆಂದು ತಿಳಿಯಲಾಗದು.

ಹೋಟೆಲಿನ ಗಲ್ಲೆಯಲ್ಲಿ ವರ್ಷಗಟ್ಟಲೆ ಕುಳಿತವನು ನಾನು. ಉಗ್ರಾಣಕ್ಕೆ ಎಷ್ಟು ಮೂಟೆ ಅಕ್ಕಿ ಬಂತೆಂಬುದು ಅಡುಗೆಯ ಪರೀಕ್ಷೆಯಲ್ಲ; ಉಂಡೆದ್ದವನ ಎಲೆಯನ್ನು ನೋಡಬೇಕು. ಈ ವಿವೇಕ ಹೋಟೆಲಿನಲ್ಲಿತ್ತು, ದಾನದಲ್ಲಿರಲಿಲ್ಲ. ಕೆಲವು ವರ್ಷಗಳ ಹಿಂದೆ ಊರಿನ ಶಾಲೆಯೊಂದರ ಆವರಣಗೋಡೆಗೆ ಹಣ ಕೊಟ್ಟು, ಹಾರ ಹಾಕಿಸಿಕೊಳ್ಳಲು ಹೋಗಿದ್ದೆ. ಗೋಡೆಯ ಕಲ್ಲಿನಲ್ಲಿ ಕೆತ್ತಿದ್ದ ನನ್ನ ಹೆಸರನ್ನು ಓದೆಂದು ಐದನೆಯ ತರಗತಿಯ ಹುಡುಗನೊಬ್ಬನಿಗೆ ಹೇಳಿದೆ. ಅವನು ತಲೆ ತಗ್ಗಿಸಿ ನಿಂತ. ನಿಜವಾಗಿ ತಲೆ ತಗ್ಗಿಸಬೇಕಾದವನು ನಾನು.

ಮುಂಬಯಿಯಿಂದ, ಪುಣೆಯಿಂದ ಊರಿನ ಶಾಲೆಗೆ ಹಣ ಕಳುಹಿಸುವ ಬಂಧುಗಳಲ್ಲಿ ಒಂದೇ ವಿಜ್ಞಾಪನೆ. ಮುಂದಿನ ಸಲ ಹೋದಾಗ ಲೆಕ್ಕಪತ್ರದ ಜತೆಗೆ ಪಾಠಪುಸ್ತಕವನ್ನೂ ತರಿಸಿರಿ. ಒಂದು ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಒಂದು ಪುಟ ಓದಿಸಿರಿ. ನಮ್ಮ ಹಣದ ನಿಜವಾದ ರಸೀದಿ ಅದೇ.