ಕಡಲಾಚೆಯ ಗಿರಾಕಿ, ನಮ್ಮೂರ ಮಿಡಿಸೌತೆ

ಊರಿನ ವ್ಯಾಪಾರದಲ್ಲಿ ನಂಬಿಕೆಗೆ ಕಾಗದ ಬೇಕಿಲ್ಲ. ಹೊಳವನಹಳ್ಳಿಯ ಅಂಗಡಿಯಲ್ಲಿ ಕೊಂಡ ಬೇಳೆಯಲ್ಲಿ ಹುಳ ಕಂಡರೆ ಸಂಜೆಯೇ ಹೋಗಿ ಕೇಳಬಹುದು. ಆದರೆ ಮಾರುವ ಕಂಪನಿ ಕರ್ನಾಟಕದಲ್ಲಿದ್ದು ಕೊಳ್ಳುವ ಕಂಪನಿ ಜರ್ಮನಿಯಲ್ಲಿದ್ದರೆ? ಭಾಷೆ ಬೇರೆ, ಕಾನೂನು ಬೇರೆ, ಹಣವೂ ಬೇರೆ. ಸರಕು ತಲುಪಲು ವಾರಗಳೇ ಬೇಕು. ಇಂಥ ಎರಡು ಕಂಪನಿಗಳ ನಡುವಿನ ನಂಟು ವರ್ಷಗಟ್ಟಲೆ ಕೆಡದಂತೆ ಕಾಯುವುದೇ ಒಂದು ವಿದ್ಯೆ. ಅದನ್ನು ಅರಿಯಲು ನಮ್ಮ ವಿದ್ಯಾರ್ಥಿಗಳು ಲಂಡನ್ನಿಗೆ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ರೈತರೂ ಬೆಳೆಯುವ ಮಿಡಿಸೌತೆಯ ಕಥೆ ಸಾಕು.

ಮಿಡಿಸೌತೆ, ಅಂದರೆ ಗರ್ಕಿನ್, ನಮ್ಮ ಅಡುಗೆಮನೆಯ ತರಕಾರಿಯಲ್ಲ. ವಿನೆಗರಿನಲ್ಲಿ ಹಾಕಿಟ್ಟ ಈ ಪುಟ್ಟ ಕಾಯಿಯನ್ನು ತಿನ್ನುವವರು ಅಮೆರಿಕ, ಫ್ರಾನ್ಸ್, ಜರ್ಮನಿ, ರಷ್ಯಾದ ಜನ. ಭಾರತದಲ್ಲಿ ಇದರ ಬೇಸಾಯ ಮತ್ತು ರಫ್ತು 1990ರ ದಶಕದ ಆರಂಭದಲ್ಲಿ ಮೊದಲಾದದ್ದು ಕರ್ನಾಟಕದಲ್ಲೇ. 2020-21ರಲ್ಲಿ ದೇಶದಿಂದ ಸುಮಾರು 2.23 ಲಕ್ಷ ಟನ್ ಮಿಡಿಸೌತೆ ರಫ್ತಾಗಿ, 22 ಕೋಟಿ ಡಾಲರಿಗೂ ಹೆಚ್ಚು ಹಣ ಬಂತು. ಇದರ ಹಿಂದಿದ್ದವರು ಸುಮಾರು 90 ಸಾವಿರ ಸಣ್ಣ ರೈತರು.

ಎರಡು ಒಪ್ಪಂದಗಳು

ಇಲ್ಲಿ ಒಂದರ ಹಿಂದೆ ಒಂದು ಒಪ್ಪಂದವಿದೆ. ವಿದೇಶಿ ಕಂಪನಿ ನಮ್ಮ ರಫ್ತು ಕಂಪನಿಗೆ ಕಾಯಿಯ ಗಾತ್ರ, ಪ್ರಮಾಣ, ದರ, ಹಡಗೇರುವ ದಿನಾಂಕವನ್ನು ಬರೆದು ತಿಳಿಸುತ್ತದೆ. ರಫ್ತು ಕಂಪನಿ ರೈತನಿಗೆ ಬೀಜ, ಗೊಬ್ಬರ, ಸಲಹೆ ಕೊಟ್ಟು, ಬಿತ್ತುವ ಮೊದಲೇ ದರ್ಜೆವಾರು ದರ ಗೊತ್ತುಮಾಡುತ್ತದೆ. ಕಾಯಿ ಸಣ್ಣದಾದಷ್ಟೂ ಬೆಲೆ ಹೆಚ್ಚು. ಒಂದು ದಿನ ಕೊಯ್ಯದೆ ಬಿಟ್ಟರೆ ದರ್ಜೆ ಇಳಿಯುತ್ತದೆ.

ಹಣದ ಭದ್ರತೆಗೆ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಇದೆ. ಒಪ್ಪಿದ ಕಾಗದಪತ್ರಗಳನ್ನು ಸರಿಯಾಗಿ ಒಪ್ಪಿಸಿದರೆ ಕೊಳ್ಳುವವನ ಬ್ಯಾಂಕು ಹಣ ಕೊಡಲು ಬದ್ಧ. ಆದರೆ ಬ್ಯಾಂಕು ಪರಿಶೀಲಿಸುವುದು ಕಾಗದವನ್ನು, ಸರಕನ್ನಲ್ಲ. ಡ್ರಮ್ಮಿನೊಳಗಿನ ಕಾಯಿ ಹೇಗಿದೆ ಎಂಬುದಕ್ಕೆ ಮಾರುವವನ ಹೆಸರೇ ಜಾಮೀನು.

ಆ ಹೆಸರು ಎಷ್ಟು ಸೂಕ್ಷ್ಮವೆಂದು ನೋಡಿ. ಪ್ರತ್ಯೇಕ ಮಿತಿ ನಿಗದಿಯಾಗದ ಕೀಟನಾಶಕದ ಉಳಿಕೆ ಕಿಲೋಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ಯುರೋಪ್ ಒಕ್ಕೂಟದ ಸಾಮಾನ್ಯ ನಿಯಮ. ಅಂದರೆ ನೂರು ಟನ್ ಕಾಯಿಯಲ್ಲಿ ಒಂದೇ ಒಂದು ಗ್ರಾಂ! ಒಬ್ಬ ರೈತ ಪಟ್ಟಿಯಲ್ಲಿಲ್ಲದ ಔಷಧಿ ಹೊಡೆದರೆ ಕಂಟೇನರೇ ತಿರಸ್ಕೃತವಾಗಬಹುದು. ಆದ್ದರಿಂದ ಕಡಲಾಚೆಯ ಗಿರಾಕಿಯನ್ನು ಉಳಿಸಿಕೊಳ್ಳಬೇಕಾದ ಕಂಪನಿ ಮೊದಲು ಹಳ್ಳಿಯ ರೈತನ ವಿಶ್ವಾಸ ಉಳಿಸಿಕೊಳ್ಳಬೇಕು. ಹಣ ತಡಮಾಡಿ, ದರ್ಜೆಯಲ್ಲಿ ಮೋಸಮಾಡಿದರೆ ಮುಂದಿನ ಹಂಗಾಮಿಗೆ ಅವನು ಟೊಮೆಟೊ ಹಾಕುತ್ತಾನೆ. ಆಗ ವಿದೇಶಕ್ಕೆ ಕೊಟ್ಟ ಮಾತು ತಪ್ಪುತ್ತದೆ.

ಕೆಟ್ಟ ಸುದ್ದಿ ಮೊದಲು

ಮಳೆ ಕೈಕೊಟ್ಟಾಗ, ರೋಗ ಬಿದ್ದಾಗ ಸರಕು ಕಡಿಮೆಯಾಗುವುದು ಸಹಜ. ತಿಂಗಳ ಮುಂಚೆಯೇ ತಿಳಿಸಿದರೆ ಕೊಳ್ಳುವವನು ಬೇರೆ ದಾರಿ ಹುಡುಕಿಕೊಳ್ಳುತ್ತಾನೆ. ಹಡಗು ಹೊರಡುವ ದಿನ ತಿಳಿಸಿದರೆ ಗಿರಾಕಿಯೇ ಕೈಬಿಟ್ಟುಹೋಗುತ್ತಾನೆ. ಜಗಳವಾದರೆ ಯಾವ ದೇಶದ ಕಾನೂನು, ಎಲ್ಲಿ ಪಂಚಾಯಿತಿ ಎಂಬುದನ್ನೂ ಮೊದಲೇ ಬರೆದಿಡುವುದು ಜಾಣತನ.

ಒಬ್ಬನೇ ಗಿರಾಕಿಗೆ ಜೋತುಬೀಳುವುದೂ ಅಪಾಯ. ಬೆಂಗಳೂರಿನ ಇನ್ಫೋಸಿಸ್‌ಗೆ 1995ರಲ್ಲಿ ಈ ಪರೀಕ್ಷೆ ಎದುರಾಯಿತು. ವರಮಾನದ ಸುಮಾರು ಕಾಲು ಭಾಗ ತರುತ್ತಿದ್ದ ವಿದೇಶಿ ಗಿರಾಕಿ ಒಪ್ಪಲಾಗದ ಷರತ್ತು ಮುಂದಿಟ್ಟ. ಕಂಪನಿ ಒಪ್ಪಲಿಲ್ಲ. ಆದರೆ ಕೆಲಸವನ್ನು ಆ ಗಿರಾಕಿ ಆರಿಸಿದ ಬೇರೆ ಸಂಸ್ಥೆಗೆ ಅಚ್ಚುಕಟ್ಟಾಗಿ ವಹಿಸಿಕೊಡುವುದಾಗಿ ಮಾತು ಕೊಟ್ಟಿತು ಎಂದು ಎನ್.ಆರ್. ನಾರಾಯಣಮೂರ್ತಿ ಅವರು 2007ರ ಭಾಷಣವೊಂದರಲ್ಲಿ ನೆನೆದಿದ್ದಾರೆ. ಬಿಟ್ಟುಹೋಗುವಾಗಲೂ ಮರ್ಯಾದೆ ಉಳಿಸಿಕೊಳ್ಳುವುದು ಈ ವಿದ್ಯೆಯ ಕೊನೆಯ ಪಾಠ.

ಕಲಿಯುವುದು ಎಲ್ಲಿ?

ಬಿ.ಕಾಂ. ಅಥವಾ ಕೃಷಿ ಪದವಿ ಓದುವ ಮಕ್ಕಳಿಗೆ ಇಲ್ಲಿ ಒಳ್ಳೆಯ ಅವಕಾಶವಿದೆ. 1963ರಲ್ಲಿ ಸ್ಥಾಪನೆಯಾದ ದೆಹಲಿಯ ಭಾರತೀಯ ವಿದೇಶಿ ವ್ಯಾಪಾರ ಸಂಸ್ಥೆ ಇದಕ್ಕೆಂದೇ ಸ್ನಾತಕೋತ್ತರ ಶಿಕ್ಷಣ ನೀಡುತ್ತದೆ. ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರವೂ ರಫ್ತಿನ ತರಬೇತಿ ಕೊಡುತ್ತದೆ. ಇಂಗ್ಲಿಷಿನ ಜೊತೆಗೆ ಜರ್ಮನ್ ಅಥವಾ ಫ್ರೆಂಚ್ ಬಂದರೆ ಇನ್ನೂ ಅನುಕೂಲ.

ಪೋಷಕರಿಗೆ ಒಂದು ಸಲಹೆ. ಕಂಪನಿಯವರು ಒಪ್ಪಂದದ ಕಾಗದ ತಂದಾಗ ಹೆಬ್ಬೆಟ್ಟು ಒತ್ತುವ ಮುನ್ನ ಓದುವ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ದರ್ಜೆಗೆ ಎಷ್ಟು ದರ, ತೂಕ ಎಲ್ಲಿ, ಹಣ ಎಷ್ಟು ದಿನಕ್ಕೆ, ಸರಕು ತಿರಸ್ಕೃತವಾದರೆ ನಷ್ಟ ಯಾರಿಗೆ? ಈ ನಾಲ್ಕಕ್ಕೂ ಉತ್ತರ ಕಾಗದದಲ್ಲೇ ಇರಬೇಕು. ಅದನ್ನು ಕೇಳಲು ಕಲಿತ ಮಗು ಮುಂದೆ ಜರ್ಮನಿಯ ಕಂಪನಿಯ ಎದುರೂ ಅಳುಕದೆ ಕೂರಬಲ್ಲದು.