ರೈಲು ವೇಳಾಪಟ್ಟಿ ಹಿಡಿದು ಇಂಗ್ಲಿಷ್ ಪಾಠ

1979ರಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳ ಇಂಗ್ಲಿಷ್ ತರಗತಿಗಳಲ್ಲಿ ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟರು. ಅದರ ಜಾಗಕ್ಕೆ ರೈಲು ವೇಳಾಪಟ್ಟಿ, ನಕ್ಷೆ, ಸಣ್ಣಪುಟ್ಟ ಲೆಕ್ಕಾಚಾರಗಳು ಬಂದವು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ನೆಲೆಯಾಗಿಸಿಕೊಂಡು, ಮದರಾಸಿನ ಬ್ರಿಟಿಷ್ ಕೌನ್ಸಿಲ್ ಬೆಂಬಲದಿಂದ ಎನ್. ಎಸ್. ಪ್ರಭು 1984ರವರೆಗೆ ನಡೆಸಿದ ಈ ಪ್ರಯೋಗಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರೇ ನಿಂತಿತು. ಭಾಷಾ ಬೋಧನೆಯ ಬಗ್ಗೆ ಹೊರದೇಶಗಳಲ್ಲಿ ಬರೆದ ಪುಸ್ತಕಗಳಲ್ಲಿ ಈ ಹೆಸರು ಮತ್ತೆ ಮತ್ತೆ ಬರುತ್ತದೆ. ನಮ್ಮ ಮೇಷ್ಟ್ರುಗಳ ಮಾತಿನಲ್ಲೂ ಅದು ಬರಬೇಕೆಂಬುದು ನನ್ನ ಆಸೆ.

ಮಕ್ಕಳ ಗಮನ ಅರ್ಥದ ಮೇಲಿದ್ದಾಗ ಭಾಷೆಯ ರಚನೆ ಅವರಿಗೆ ಅರಿವಿಲ್ಲದೆಯೇ ಒಳಗೆ ಕೂಡಿಕೊಳ್ಳುತ್ತದೆ ಎಂಬುದು ಪ್ರಭು ಅವರ ನಂಬಿಕೆ. ತರಗತಿ ನಡೆಯುತ್ತಿದ್ದದ್ದು ಹೀಗೆ: ಇಂಥ ಊರಿಗೆ ಮಧ್ಯಾಹ್ನದೊಳಗೆ ತಲುಪಲು ಯಾವ ರೈಲು ಹಿಡಿಯಬೇಕು ಎಂಬಂಥ ಪ್ರಶ್ನೆಯನ್ನು ಮೇಷ್ಟ್ರು ಮೊದಲು ಇಡೀ ತರಗತಿಯ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಾ ಬಿಡಿಸುವರು. ಆಮೇಲೆ ಅದೇ ಬಗೆಯ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಅಂಕ ಉತ್ತರಕ್ಕೆ, ವಾಕ್ಯದ ಚಂದಕ್ಕಲ್ಲ. ಅರ್ಧದಷ್ಟಾದರೂ ಮಕ್ಕಳು ಅರ್ಧದಷ್ಟಾದರೂ ಕೆಲಸವನ್ನು ಸರಿಯಾಗಿ ಮಾಡಿದರೆ ಅದು ಹದವಾದ ಕೆಲಸ. ಮಗು ತಪ್ಪು ವಾಕ್ಯ ಆಡಿದರೆ ಮೇಷ್ಟ್ರು ಮಾತಿನ ಓಘದಲ್ಲೇ ಸರಿಯಾದದ್ದನ್ನು ಹೇಳಿ ಮುಂದೆ ಹೋಗುವರು. ಯೋಚಿಸಿ ತೀರ್ಮಾನಕ್ಕೆ ಬರಬೇಕಾದ ಇಂಥ ಕೆಲಸಗಳೇ ಎಲ್ಲಕ್ಕಿಂತ ಚೆನ್ನಾಗಿ ನಡೆದವು. ಬರೀ ಮಾಹಿತಿ ದಾಟಿಸುವ ಕೆಲಸ ಒಂದೇ ಹೆಜ್ಜೆಗೆ ಮುಗಿಯುತ್ತದೆ. ಅಭಿಪ್ರಾಯ ಕೇಳಿದರೆ ಭಾಷೆ ಬಾರದ ಮಗು ಬಾಯಿ ಕಟ್ಟಿ ಕೂರುತ್ತದೆ. ಗುಂಪು ಚಟುವಟಿಕೆಯನ್ನೂ ಪ್ರಭು ಬೇಕೆಂದೇ ದೂರವಿಟ್ಟರು. ಮಕ್ಕಳು ಪರಸ್ಪರರ ಅರೆಬರೆ ಇಂಗ್ಲಿಷನ್ನೇ ಗಟ್ಟಿ ಮಾಡಿಕೊಳ್ಳುತ್ತಾರೆಂಬುದು ಅವರ ಆತಂಕ. ಗುಂಪಿನಲ್ಲಿ ಕೂರಿಸುವುದೇ ಒಳ್ಳೆಯ ಪಾಠ ಎನ್ನುವವರು ಈ ವಾದವನ್ನು ಒಮ್ಮೆ ಕೇಳಲೇಬೇಕು.

ಎಡಿನ್‌ಬರೋದ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಇದರ ಮೌಲ್ಯಮಾಪನ ಮಾಡಿ 1985ರಲ್ಲಿ ಪ್ರಕಟಿಸಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳೇ ಮುಂದಿದ್ದರು; ಕಲಿತದ್ದನ್ನು ಬಳಕೆಗೆ ತರುವುದರಲ್ಲಿ ಪ್ರಾಜೆಕ್ಟಿನ ಮಕ್ಕಳದೇ ಮೇಲುಗೈ. ಆದರೂ ಮೌಲ್ಯಮಾಪಕರು ಎಚ್ಚರಿಕೆಯಿಂದಲೇ ಮೆಚ್ಚಿದರು. ಬೆರೆಟ್ಟಾ ಮುಂದೆ ನಡೆಸಿದ ಅಧ್ಯಯನದಲ್ಲಿ ಇನ್ನೊಂದು ವಿಷಯ ತಿಳಿದುಬಂತು: ಪ್ರಯೋಗಕ್ಕೆಂದೇ ಬಂದವರಿಗೆ ಈ ಪದ್ಧತಿ ಒಗ್ಗಿದಷ್ಟು ಶಾಲೆಯ ಕಾಯಂ ಶಿಕ್ಷಕರಿಗೆ ಒಗ್ಗಲಿಲ್ಲ.

ನನಗೆ ಮುಖ್ಯವೆನಿಸುವುದು ಇದೇ: ಬೇರೆಯವರು ರೂಪಿಸಿದ ವಿಧಾನ ಎಲ್ಲ ಶಿಕ್ಷಕರಿಗೂ ಒಗ್ಗುವುದಿಲ್ಲ. ‘ಅತ್ಯುತ್ತಮ ವಿಧಾನ’ ಎಂಬುದೊಂದು ಇಲ್ಲ ಎಂದು ಪ್ರಭು 1990ರ ಲೇಖನದಲ್ಲಿ ವಾದಿಸಿದರು. ಕಲಿಕೆ ಹೇಗಾಗುತ್ತದೆಂಬುದರ ಬಗ್ಗೆ ಶಿಕ್ಷಕರಿಗೆ ತಮ್ಮದೇ ಒಂದು ಅರಿವಿರಬೇಕು, ಅದು ಜಡವಾಗದೆ ಬದಲಾಗುತ್ತಿರಬೇಕು ಎಂಬುದು ಅವರ ನಿಲುವು. ನಮ್ಮ ತರಬೇತಿ ಶಿಬಿರಗಳು ತಯಾರಾದ ವಿಧಾನವನ್ನು ಕೈಗಿಡುವ ಬದಲು, ಪ್ರಾಜೆಕ್ಟಿನ ವಾರ್ಷಿಕ ಪರಾಮರ್ಶೆ ಸಭೆಗಳಂತೆ, ಶಿಕ್ಷಕರು ತಮ್ಮ ತರಗತಿಯಲ್ಲಿ ನಡೆದದ್ದನ್ನು ಮುಂದಿಟ್ಟು ವಾದಿಸುವ ವೇದಿಕೆಗಳಾಗಲಿ.